ಪಾಲಿಹೈಪ್ (ಎಣ್ಣಿಯೊಳಗ ನೀರಿನ ಹನಿ ತುಂಬಿಸಿ, ಆ ಎಣ್ಣಿ ಗಟ್ಟಿ ಮಾಡಿ ತಗಿಯೋ ರಂಧ್ರದ ಪಾಲಿಮರ್) ಎಮಲ್ಷನ್ ರಾತ್ರಿ ಓವನ್‌ನಾಗ ಒಡೀತದ. ಸ್ಪ್ಯಾನ್ 80 (ಎಣ್ಣಿ-ನೀರು ಬೆರತಿರೋ ಹಂಗ ಹಿಡಿಯೋ ಸರ್ಫ್ಯಾಕ್ಟಂಟ್) ಹೆಚ್ಚು ಮಾಡಬೇಕೋ, ಹೋಮೊಜಿನೈಜರ್ (ಭಾಳ ಜೋರಾಗಿ ಕಲಸೋ ಯಂತ್ರ) ತರಬೇಕೋ?

ಎರಡೂ ಬ್ಯಾಡ. ನಿಮ್ಮ ಪಟ್ಟಿ: ಸ್ಟೈರೀನ್, ಡಿವಿಬಿ (ಡೈವಿನೈಲ್‌ಬೆಂಜೀನ್, ಪಾಲಿಮರ್ ಸರಪಳಿಗಳನ್ನ ಒಂದಕ್ಕೊಂದು ಬೆಸಿಯೋದು), ಸ್ಪ್ಯಾನ್ 80, ಪರ್ಸಲ್ಫೇಟ್ (ಪಾಲಿಮರ್ ಆಗೋದನ್ನ ಶುರು ಮಾಡೋದು) ಕರಗಿಸಿದ 90 ಪ್ರತಿಶತ ನೀರು. ಸಂಜೀಕ ದಪ್ಪ ಬಿಳಿ ಎಮಲ್ಷನ್, ಮುಂಜಾನೆ ಬಾಟ್ಲಿ ತಳದಾಗ ನೀರು, ಮ್ಯಾಲ ಮುಟ್ಟಿದ್ರ ಉದುರೋ ತುಂಡು. ಈ ಮುಂಜಾನೆ ನನಗ ಚಲೋ ಪರಿಚಯದ್ದು. ನಿಮ್ಮ ಪಟ್ಟಿಯೊಳಗ ಕ್ಯಾಲ್ಸಿಯಂ ಕ್ಲೋರೈಡ್ ಇಲ್ಲ. ರೋಗ ಅಲ್ಲೇ ಅದ.

ಪಾಲಿಮರ್‌ನಾಗ ಉಳಿಯಂಗಿಲ್ಲ, ಕಡೀಕ ತೊಳದು ತಗಿಯೋದ, ಅದಕ್ಕ ಉಪ್ಪು ಯಾಕ ಅಂತ ಬಿಡೋರು ಭಾಳ ಮಂದಿ. ಉಪ್ಪು ಪಾಲಿಮರ್ ಸಲುವಾಗಿ ಅಲ್ಲ, ಜೆಲ್ ಆಗೋತನಕ, ಅಂದ್ರ ಎಣ್ಣಿ ಭಾಗ ಗಟ್ಟಿ ಆಗೋತನಕ, ಹನಿ ಬದುಕಲಿ ಅಂತ. ಎಮಲ್ಷನ್‌ನಾಗ ಎಲ್ಲ ಹನಿ ಒಂದೇ ಅಳತಿ ಇರಂಗಿಲ್ಲ. ಸಣ್ಣ ಹನಿ ಒಳಗ ಒತ್ತಡ ಜಾಸ್ತಿ, ಹಂಗಾಗಿ ಅದರ ನೀರು ನಡುವಿನ ತೆಳು ಎಣ್ಣಿ (ಸ್ಟೈರೀನ್, ಡಿವಿಬಿ) ಪದರ ದಾಟಿ ದೊಡ್ಡ ಹನಿಗೆ ಸೇರ್ತದ. ಸ್ಟೈರೀನ್‌ನಾಗ ನೀರು ಕರಗೋದು ಕಡಿಮಿ ಖರೆ, ಆದ್ರ ಸೊನ್ನಿ ಅಲ್ಲ, 60 ಡಿಗ್ರಿಗೆ ಇನ್ನಷ್ಟು ಏರ್ತದ. ಸಣ್ಣವು ಕರಗಿ, ದೊಡ್ಡವು ಉಬ್ಬಿ, ಪದರ ಹರೀತದ. ಇದಕ್ಕ ಆಸ್ಟ್‌ವಾಲ್ಡ್ ರೈಪನಿಂಗ್ ಅಂತಾರ. ಈಗ ಹನಿಯೊಳಗ ಉಪ್ಪು ಹಾಕ್ರಿ. ನೀರು ಎಣ್ಣಿ ದಾಟಬಹುದು, ಉಪ್ಪು ದಾಟಂಗಿಲ್ಲ. ಸಣ್ಣ ಹನಿ ನೀರು ಕಳಕೊಂಡಂಗ ಅದರೊಳಗಿನ ಉಪ್ಪು ಗಟ್ಟಿ ಆಗ್ತದ, ಆ ಗಟ್ಟಿ ಉಪ್ಪೇ ನೀರನ್ನ ವಾಪಸ್ ಎಳಕೊಳ್ತದ. ಓಟ ಅಲ್ಲಿಗೇ ನಿಲ್ತದ.

ಪರ್ಸಲ್ಫೇಟೂ ಉಪ್ಪೇ ಅಲ್ಲೇನು ಅಂತ ಕೇಳಬಹುದು. ಲೆಕ್ಕ ಹಾಕ್ರಿ: 90 ಮಿಲಿ ನೀರಿಗೆ 0.2 ಗ್ರಾಂ ಪೊಟ್ಯಾಸಿಯಂ ಪರ್ಸಲ್ಫೇಟ್ ಅಂದ್ರ ಸುಮಾರು 8 ಮಿಲಿಮೋಲಾರ್. 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಅಂದ್ರ ಸುಮಾರು 75. ಎರಡೂ ಒಡದು ಮೂರು ಮೂರು ಅಯಾನ್ ಕೊಡ್ತಾವ, ಹಂಗಾಗಿ ತಡಿಯೋ ಶಕ್ತಿಯೊಳಗ ಒಂಬತ್ತು ಪಟ್ಟು ಅಂತರ. ಗದಗಿನ ಕಡೆ ಬೋರಿನ ನೀರು ಹೆಂಗೂ ಗಡಸು, ಅದನ್ನ ಹಾಕಿದ್ರ ಆತಲ್ಲ ಅನ್ನೋ ಉಪಾಯ ಮಾತ್ರ ಬ್ಯಾಡ್ರಿ. ಅದರಾಗ ಉಪ್ಪು ಎಷ್ಟದ ಗೊತ್ತಿರಂಗಿಲ್ಲ, ಕಬ್ಬಿಣ ಇದ್ರ ಪರ್ಸಲ್ಫೇಟ್ ಹೊತ್ತಿಗೆ ಮೊದಲೇ ಒಡದು ಖರ್ಚಾಗ್ತದ. ಡಿಸ್ಟಿಲ್ಡ್ ನೀರು, ತೂಗಿದ ಉಪ್ಪು.

ಅಳತಿ ಹಿಂಗ ಇಡ್ರಿ: ಸ್ಟೈರೀನ್ 8 ಮಿಲಿ, ಡಿವಿಬಿ 2 ಮಿಲಿ, ಸ್ಪ್ಯಾನ್ 80 2 ಗ್ರಾಂ, ಇನ್ನೊಂದು ಕಡೆ 90 ಮಿಲಿ ನೀರು, ಮ್ಯಾಲ ಹೇಳಿದ ಎರಡು ಉಪ್ಪು. ಮಾನೊಮರ್ ಎರಡನ್ನೂ (ಸ್ಟೈರೀನ್, ಡಿವಿಬಿ) ಬೇಸಿಕ್ ಅಲ್ಯುಮಿನಾ ಕಾಲಮ್ ದಾಟಿಸಿ ಇನ್‌ಹಿಬಿಟರ್ ತಗೀರಿ. ಅದು ಉಳಿದ್ರ ಜೆಲ್ ತಡ ಆಗ್ತದ, ತಡ ಆದಷ್ಟು ಎಮಲ್ಷನ್ ಒಡಿಯೋಕ ಸಮಯ ಸಿಗ್ತದ. ಕರಗಿದ ಆಕ್ಸಿಜನ್ನಿನದೂ ಇದೇ ಕಿತಾಪತಿ. ನೈಟ್ರೋಜನ್ ಸಿಲಿಂಡರ್ ಇಲ್ಲಾಂದ್ರ ನೀರು ಕುದಿಸಿ, ಮುಚ್ಚಿ ಆರಿಸಿ, ಆಮ್ಯಾಲ ಪರ್ಸಲ್ಫೇಟ್ ಹಾಕ್ರಿ. ಸ್ಟೈರೀನ್ ಕೆಲಸ ಎಲ್ಲ ಫ್ಯೂಮ್ ಹುಡ್ ಒಳಗ.

ಇನ್ನು ಹೋಮೊಜಿನೈಜರ್. 250 ಮಿಲಿ ಫ್ಲಾಸ್ಕು, ಡಿ ಆಕಾರದ ಪ್ಯಾಡಲ್ ಇರೋ ಓವರ್‌ಹೆಡ್ ಸ್ಟರರ್, 300 ಆರ್‌ಪಿಎಮ್ ಸಾಕು. ಮ್ಯಾಗ್ನೆಟಿಕ್ ಸ್ಟರರ್ ನಡಿಯಂಗಿಲ್ಲ. ನಮ್ಮ ಅಳತಿಯೊಳಗ ಎಣ್ಣಿ ಭಾಗ ಸ್ಪ್ಯಾನ್ ಸೇರಿ ಸುಮಾರು 12 ಮಿಲಿ, ಅಂದ್ರ 35 ಮಿಲಿ ನೀರು ಹೋಗೋದರಾಗ 74 ಪ್ರತಿಶತದ ಗಡಿ ಬರ್ತದ. ಒಂದೇ ಅಳತಿಯ ಗುಂಡು ಹನಿಗಳು ಅದಕ್ಕಿಂತ ಒತ್ತಾಗಿ ಕೂಡೂದಿಲ್ಲ. ಅದನ್ನ ದಾಟಿದ ಮ್ಯಾಲ ಹನಿ ಚಪ್ಪಟಿ ಆಗಿ ಒಂದಕ್ಕೊಂದು ಒತ್ತಿಕೊಳ್ತಾವ, ಎಮಲ್ಷನ್ ಶ್ರೀಖಂಡದ ಹದಕ್ಕ ಬರ್ತದ, ಮ್ಯಾಗ್ನೆಟ್ ಕೂತಲ್ಲೇ ತಿರಗ್ತದ. ನೀರನ್ನ ಹನಿ ಹನಿಯಾಗಿ ಒಂದು ತಾಸಿನ ಮ್ಯಾಲ ಹಾಕ್ರಿ, ಎಲ್ಲೆರ ಬಿಡಿ ನೀರು ಕಂಡ್ರ ಹನಿ ನಿಲ್ಲಿಸಿ ಅದು ಒಳಗ ಹೋಗೋತನಕ ಕಾಯ್ರಿ. ಎಲ್ಲ ಮುಗದ ಮ್ಯಾಲ ಚೂರು ತಗೊಂಡು ನೀರಿಗೆ ಹಾಕಿ ನೋಡ್ರಿ: ಮುದ್ದಿಯಾಗೇ ಉಳೀಬೇಕು. ನೀರಾಗ ಹಾಲಿನಂಗ ಹರಡಿದ್ರ ಎಮಲ್ಷನ್ ಉಲ್ಟಾ ಆಗ್ಯದ, ಅದನ್ನ ಓವನ್‌ಗೆ ಇಡಬ್ಯಾಡ್ರಿ.

ಸ್ಪ್ಯಾನ್ ಹೆಚ್ಚು ಮಾಡೋದು ನನಗಂತೂ ಸೇರಂಗಿಲ್ಲ. ಈಗಿರೋದೇ ಮಾನೊಮರ್ ತೂಕದ 22 ಪ್ರತಿಶತ. 5 ಪ್ರತಿಶತಕ್ಕಿಂತ ಕೆಳಗಿಳಿಸಿದ್ರ ಒಂದು ಗುಳ್ಳಿಯಿಂದ ಇನ್ನೊಂದಕ್ಕ ದಾರಿ ಮಾಡೋ ಕಿಟಕಿ ತೆರಿಯಂಗಿಲ್ಲ, ಮುಚ್ಚಿದ ಗುಳ್ಳಿ ಸಿಗ್ತದ. ಡಬಲ್ ಮಾಡಿದ್ರ ಗೋಡಿ ತೆಳು ಆಗಿ ಸುಣ್ಣದಂಗ ಉದುರಬಹುದು. ನಿಮ್ಮ ತುಂಡು ಮೊದಲೇ ಉದುರಾಕ ಹತ್ತೇದ.

ಬಾಟ್ಲಿ ಪಾಲಿಪ್ರೊಪಿಲೀನ್‌ದು ಇರಲಿ, ಮುಚ್ಚಳ ಬಿಗಿ. ಪಾಲಿಸ್ಟೈರೀನ್ ಡಬ್ಬಿಯನ್ನ ಸ್ಟೈರೀನೇ ಕರಗಿಸ್ತದ. 60 ಡಿಗ್ರಿಗೆ 48 ತಾಸು ಬಿಡ್ರಿ. ಆ ಶಾಖಕ್ಕ ಪರ್ಸಲ್ಫೇಟ್ ಭಾಳ ನಿಧಾನ ಒಡೀತದ, ಒಂದು ರಾತ್ರಿ ಸಾಲಂಗಿಲ್ಲ. ಬ್ಯಾಸಗ್ಯಾಗ ಕರೆಂಟ್ ಹೋಗಿ ಬಂದು ಮಾಡೋ ಕಡೆ ಓವನ್‌ಕಿಂತ ಮುಚ್ಚಳ ಇರೋ ವಾಟರ್ ಬಾತ್ ಮೇಲು, ಶಾಖ ಹಿಡಕೊಂಡಿರ್ತದ.

ತೊಳಿಯೋದು ಮೊದಲು ನೀರಿನಾಗ, ಆಮ್ಯಾಲ ಸಾಕ್ಸ್‌ಲೆಟ್‌ನಾಗ (ಬಿಸಿ ದ್ರಾವಕ ಮತ್ತ ಮತ್ತ ಹರಿಸಿ ತೊಳಿಯೋ ಗಾಜಿನ ಸಾಧನ) ಐಸೊಪ್ರೊಪನಾಲ್ ಹಾಕಿ ಒಂದು ದಿನ. ನೇರ ಆಲ್ಕೋಹಾಲಿಗೆ ಹಾಕಿದ್ರ ಸಲ್ಫೇಟ್ ಉಪ್ಪು ಒಳಗೇ ಕೂಡ್ತದ.

ನೀರು ಹಾಕಿದೆ, ಹೀರಲಿಲ್ಲ, ಅಂದ್ರ ರಂಧ್ರ ಮುಚ್ಯಾವ ಅಂತ ಬರದೀರಿ. ಹಂಗಲ್ಲ. ತೊಳದ ಪಾಲಿಸ್ಟೈರೀನ್ ನೀರಿಗೆ ಒದ್ದಿ ಆಗೋದೇ ಇಲ್ಲ. ಬಣ್ಣ ಕಲಸಿದ ಎಥನಾಲ್ ಒಂದು ಹನಿ ಬಿಡ್ರಿ. ಕಿಟಕಿ ತೆರದಿದ್ರ ಕಣ್ಣೆದುರೇ ಒಳಗ ಇಳೀತದ. ಯೂಸಿಕ್‌ಗೆ (ವಿಶ್ವವಿದ್ಯಾಲಯದ ಉಪಕರಣ ಕೇಂದ್ರ) ಎಸ್‌ಇಎಮ್ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಸ್ಯಾಂಪಲ್ ಒಯ್ಯೋ ಮೊದಲು ಇನ್ನೊಂದು ಮಾಡ್ರಿ: ಒಣಗಿದ ತುಂಡಿನಿಂದ 2 ಸೆಂಟಿಮೀಟರಿನ ಘನ ಕೊಯ್ದು ತೂಗ್ರಿ. ಮುಕ್ಕಾಲು ಗ್ರಾಂ ಆಸುಪಾಸು ಬರಬೇಕು. ಒಂದೂಕಾಲು ದಾಟಿದ್ರ ನೀರು ಮೊದಲೇ ಸೋರಿ ಹೋಗಿರ್ತದ, ಇಲ್ಲಾ ಒಣಗೋವಾಗ ಕುಗ್ಗಿರ್ತದ. ಫೋಟೋ ತಗಿಸಿ ರೊಕ್ಕ ಹಾಳು ಮಾಡಬ್ಯಾಡ್ರಿ.

ಕುಗ್ಗಿದ್ದೇ ಆದ್ರ ಡಿವಿಬಿ ಬಾಟ್ಲಿ ಲೇಬಲ್ ನೋಡ್ರಿ. 80 ಪ್ರತಿಶತದ್ದೂ ಬರ್ತದ, 55ರದ್ದೂ ಬರ್ತದ, ಉಳಿದದ್ದು ಬಹುತೇಕ ಎಥಿಲ್‌ವಿನೈಲ್‌ಬೆಂಜೀನ್; ಅದು ಸರಪಳಿ ಬೆಸಿಯಂಗಿಲ್ಲ (ಕ್ರಾಸ್‌ಲಿಂಕ್ ಮಾಡಂಗಿಲ್ಲ). 55ರದ್ದಿದ್ರ 2 ಮಿಲಿ ಬದಲು 3 ಮಿಲಿ ಹಾಕಿ, ಸ್ಟೈರೀನ್ 7ಕ್ಕ ಇಳಸ್ರಿ.