ರೋಮನ್ನರ ಸರ್ಕಾರದ ಕೆಲಸ, ದೇವರ ಕೆಲಸ

ಪ್ರಶ್ನೆ: ನಮ್ಮ ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. ಪ್ರಾಚೀನ ರೋಮ್‌ನಲ್ಲಿ ಆಡಳಿತ ನಡೆಸುವವರೇ ಪುರೋಹಿತರೂ ಆಗಿರುತ್ತಿದ್ದರೆಂದು ಓದಿದೆ. ಇದು ನಿಜವೇ? ಅವರ ಮನೆಗಳಲ್ಲಿಯೂ ದೇವರ ಕೋಣೆ ಇರುತ್ತಿತ್ತೇ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಜ. ರೋಮ್‌ನಲ್ಲಿ ಪೌರೋಹಿತ್ಯವನ್ನೇ ಕುಲವೃತ್ತಿಯಾಗಿ ಮಾಡಿಕೊಂಡ ಪ್ರತ್ಯೇಕ ವರ್ಗವಿರಲಿಲ್ಲ. ಪ್ರಮುಖ ಪುರೋಹಿತ ಪದವಿಗಳೆಲ್ಲ ಬಹುಮಟ್ಟಿಗೆ ರಾಜಕಾರಣಿಗಳ ಕೈಯಲ್ಲಿಯೇ ಇದ್ದವು. ಜೂಲಿಯಸ್ ಸೀಸರ್ ಕ್ರಿ.ಪೂ. 63ರಲ್ಲಿ ‘ಪಾಂಟಿಫೆಕ್ಸ್ ಮ್ಯಾಕ್ಸಿಮಸ್’, ಅಂದರೆ ಪ್ರಧಾನ ಪುರೋಹಿತನಾದದ್ದು ಚುನಾವಣೆಯಲ್ಲಿ ಗೆದ್ದು. ಮುಂದೆ ದಂಡನಾಯಕನಾದಾಗಲೂ ಸರ್ವಾಧಿಕಾರಿಯಾದಾಗಲೂ ಆ ಪದವಿ ಅವನಲ್ಲಿಯೇ ಉಳಿಯಿತು. ರಾಜ್ಯದ ಬೊಕ್ಕಸವಿದ್ದದ್ದು ಸ್ಯಾಟರ್ನ್ ದೇವರ ಗುಡಿಯಲ್ಲಿ.

ಗಣರಾಜ್ಯದಲ್ಲಿ ವರ್ಷಕ್ಕೆ ಇಬ್ಬರು ಕಾನ್ಸುಲ್‌ಗಳು, ಅಂದರೆ ಅತ್ಯುನ್ನತ ಆಡಳಿತಾಧಿಕಾರಿಗಳು, ಆಯ್ಕೆಯಾಗುತ್ತಿದ್ದರು, ಒಬ್ಬನ ಕೆಲಸವನ್ನು ಇನ್ನೊಬ್ಬನು ತಡೆಯಬಹುದಿತ್ತು. ಕ್ರಿ.ಪೂ. 59ರಲ್ಲಿ ಸೀಸರನ ಮಸೂದೆಗಳನ್ನು ವಿರೋಧಿಸಿದ ಸಹ ಕಾನ್ಸುಲ್ ಬಿಬುಲಸ್, ಬೀದಿಯಲ್ಲಿ ಹಲ್ಲೆಗೊಳಗಾದ ಮೇಲೆ ಮನೆ ಸೇರಿ, ತಾನು ಆಕಾಶದಲ್ಲಿ ಶಕುನ ನೋಡುತ್ತಿರುವುದರಿಂದ ಸಭೆ ನಡೆಯಕೂಡದೆಂದು ಹೇಳಿಕಳುಹಿಸುತ್ತಲೇ ಇದ್ದನು. ಸೀಸರ್ ಅದನ್ನು ಲೆಕ್ಕಿಸದೆ ಮಸೂದೆಗಳಿಗೆ ಒಪ್ಪಿಗೆ ಪಡೆದನು. ಆದರೆ ಆ ಕಾನೂನುಗಳು ಸಿಂಧುವೇ ಎಂಬ ವಾದ ಮುಂದೆಯೂ ನಡೆಯಿತು. ಇದೆಲ್ಲ ಬರಿಯ ರಾಜಕೀಯ ತಂತ್ರವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಶಕುನಕ್ಕೆ ಬೆಲೆಯೇ ಇಲ್ಲದ ಸಮಾಜದಲ್ಲಿ ಅಂಥ ಅಡ್ಡಿ ಯಾರಿಗೂ ಹೊಳೆಯುತ್ತಲೇ ಇರಲಿಲ್ಲ.

ಇನ್ನು ಮನೆಯ ವಿಷಯ. ಎಲ್ಲ ಮನೆಗಳಲ್ಲಿಯೂ ಪ್ರತ್ಯೇಕ ಕೋಣೆಯಿರಲಿಲ್ಲ. ನಮ್ಮ ಹಳೆಯ ಮನೆಗಳ ದೇವರ ಗೂಡಿನಂತೆ ಗೋಡೆಯಲ್ಲಿ ಒಂದು ಗೂಡು, ಕೆಲವೊಮ್ಮೆ ಅಡುಗೆಮನೆಯಲ್ಲಿಯೇ, ಇರುತ್ತಿತ್ತು. ಅಲ್ಲಿ ‘ಲಾರೆಸ್’ ಎಂಬ ಮನೆದೇವರುಗಳಿಗೆ ಧೂಪ, ಹೂಮಾಲೆ, ದ್ರಾಕ್ಷಾರಸ ಮತ್ತು ಊಟದ ಒಂದು ಪಾಲು ಸಲ್ಲುತ್ತಿದ್ದವು. ಗಂಡುಮಗು ಕೊರಳಲ್ಲಿ ಧರಿಸಿದ ತಾಯಿತವನ್ನು ಪ್ರಾಯಕ್ಕೆ ಬಂದ ದಿನ ಬಿಚ್ಚಿ ಈ ದೇವರಿಗೇ ಒಪ್ಪಿಸುತ್ತಿದ್ದನು. ಒಲೆಯ ದೇವತೆ ವೆಸ್ತಾ. ರಾಜ್ಯಕ್ಕೂ ಅಂಥದೇ ಒಂದು ಒಲೆಯಿದ್ದು, ಅದರ ಬೆಂಕಿ ಆರದಂತೆ 6 ಮಂದಿ ಕನ್ಯೆಯರು ತಲಾ 30 ವರ್ಷಗಳ ವ್ರತ ಹಿಡಿದು ಕಾಯುತ್ತಿದ್ದರು.

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇಯಿ ಪಟ್ಟಣದಲ್ಲಿ, ವೆತ್ತಿಯ ಮನೆಯೆಂದು ಕರೆಯಲಾಗುವ ಕಟ್ಟಡದಲ್ಲಿ ಇಂಥ ಒಂದು ದೇವರ ಗೂಡು ಬಣ್ಣ ಮಾಸದೆ ಉಳಿದಿದೆ. ಚಿಕ್ಕ ಗುಡಿಯ ಮುಂಭಾಗದಂತಿರುವ ಅದರಲ್ಲಿ, ಕೊಂಬಿನ ಪಾನಪಾತ್ರೆಗಳನ್ನು ಎತ್ತಿ ಹಿಡಿದು ಕುಣಿಯುವ ಇಬ್ಬರು ಲಾರೆಸ್‌, ಕೆಳಗೆ ಹರಿದು ಬರುತ್ತಿರುವ ಒಂದು ದೊಡ್ಡ ಹಾವು. ಅರಳಿಕಟ್ಟೆಯ ನಾಗರಕಲ್ಲುಗಳನ್ನು ನೋಡಿ ಬೆಳೆದ ನಮಗೆ ಅದು ಪರಿಚಿತವೆನಿಸುತ್ತದೆ, ಆದರೆ ಅಷ್ಟರಿಂದಲೇ ಎರಡಕ್ಕೂ ನಂಟು ಕಲ್ಪಿಸಬಾರದು. ನಡುವೆ ನಿಂತಿರುವುದು ಯಜಮಾನನ ರಕ್ಷಕ ಚೈತನ್ಯ. ಅದು ಟೋಗಾ ಎಂಬ ರೋಮನ್ ಮೇಲುಡುಪಿನ ಅಂಚನ್ನು ತಲೆಯ ಮೇಲಕ್ಕೆ ಎಳೆದುಕೊಂಡು ಅರ್ಪಣೆ ಮಾಡುತ್ತಿದೆ. ರಾಜ್ಯದ ಪರವಾಗಿ ಬಲಿಪೀಠದ ಮುಂದೆ ನಿಂತಾಗ ಕಾನ್ಸುಲ್ ಕೂಡ ಹೀಗೆಯೇ ತಲೆ ಮುಚ್ಚಿಕೊಳ್ಳುತ್ತಿದ್ದನು.