ಓದುಗರ ಪ್ರಶ್ನೆ: ಇಂಗ್ಲಿಷ್ ಸ್ವರಗಳ ಉಚ್ಚಾರಣೆ

ಪ್ರಶ್ನೆ: ಇಂಗ್ಲಿಷ್ ಮಾತನಾಡುವಾಗ ನಾನು ‘ಎಗ್’ ಅನ್ನು ‘ಯೆಗ್’ ಎಂದೂ ‘ಓನ್ಲಿ’ಯನ್ನು ‘ವೋನ್ಲಿ’ ಎಂದೂ ಹೇಳುತ್ತೇನೆಂದು ಸಹೋದ್ಯೋಗಿಗಳು ನಗುತ್ತಾರೆ. ಇದಕ್ಕೆ ಕಾರಣವೇನು, ತಿದ್ದಿಕೊಳ್ಳುವುದು ಹೇಗೆ?

ಉತ್ತರ: ಕಾರಣ ಕನ್ನಡದ ಆಡುಮಾತಿನಲ್ಲಿಯೇ ಇದೆ. ಪದದ ಮೊದಲಲ್ಲಿ ಎ, ಏ ಬಂದಾಗ ಯಕಾರದ, ಒ, ಓ ಬಂದಾಗ ವಕಾರದ ಛಾಯೆ ನಮಗೆ ಅರಿವಿಲ್ಲದೆಯೇ ಸೇರಿಕೊಳ್ಳುವುದರಿಂದ ನಾವು ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುತ್ತೇವೆ, ‘ಒಂದು’ ಎಂದು ಬರೆದು ‘ವೊಂದು’ ಎನ್ನುತ್ತೇವೆ. ಅದೇ ರೂಢಿ ಇಂಗ್ಲಿಷಿಗೂ ಹರಿಯುತ್ತದೆ. ಹಿಂದಿನ ಪದದ ವ್ಯಂಜನವನ್ನು ಸ್ವರಕ್ಕೆ ಅಂಟಿಸಿ, ‘ಆ್ಯನ್ ಎಗ್’ ಎಂಬುದನ್ನು ‘ಅನೆಗ್’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಯಕಾರಕ್ಕೆ ಎಡೆಯೇ ಉಳಿಯುವುದಿಲ್ಲ. ಅನಂತರ ಮೊದಲ ಪದವನ್ನು ಕೈಬಿಡಬಹುದು.

ಇದಕ್ಕಿಂತ ತೊಡಕಿನದು ಲಿಪಿಯ ವಿಷಯ. ‘ಕಾರ್’, ‘ಹಾಲ್’ ಎರಡನ್ನೂ ನಾವು ಒಂದೇ ‘ಆ’ ಸ್ವರಚಿಹ್ನೆಯಿಂದ ಬರೆಯುತ್ತೇವಾದರೂ ಎರಡನೆಯದನ್ನು ತುಟಿ ದುಂಡಾಗಿಸಿ ಉಚ್ಚರಿಸಬೇಕು. ‘ಬ್ಯಾಂಕ್’ನ ಸ್ವರದ ಬಗ್ಗೆ ಮಾತ್ರ ಅಷ್ಟು ಚಿಂತೆ ಬೇಡ, ‘ಪೇಟೆ’ಯನ್ನು ‘ಪ್ಯಾಟಿ’ ಎನ್ನುವ ಉತ್ತರ ಕರ್ನಾಟಕದವರಿಗಂತೂ ಅದರ ಹತ್ತಿರದ ಧ್ವನಿ ಮನೆಮಾತಿನಲ್ಲೇ ಇದೆ. ಇನ್ನು ‘ಗೋ’ ಎಂಬಲ್ಲಿ ಲಂಡನ್ನಿನವರಂತೆ ಸ್ವರವನ್ನು ಕೊನೆಯಲ್ಲಿ ‘ಉ’ಕಾರದತ್ತ ಜಾರಿಸದಿರುವುದು ದೋಷವಲ್ಲ, ಸ್ಕಾಟ್ಲೆಂಡಿನ ಅನೇಕರೂ ಹಾಗೆಯೇ ನೇರವಾಗಿ ನುಡಿಯುತ್ತಾರೆ.