ಎಳೆಮಕ್ಕಳು ಬರುವ ಮುನ್ನ ಮನೆ ಸಿದ್ಧಪಡಿಸುವುದು

ಪ್ರಶ್ನೆ: ನಾನೂ ನನ್ನ ಪತಿಯೂ ಐವತ್ತು ದಾಟಿದವರು, ನಮಗೆ ಮಕ್ಕಳಿಲ್ಲ. ಮುಂದಿನ ತಿಂಗಳು ತಂಗಿಯ ಮಗಳು ತನ್ನ 9 ತಿಂಗಳ ಕೂಸು ಮತ್ತು ಎರಡೂವರೆ ವರ್ಷದ ಮಗನೊಂದಿಗೆ ಹತ್ತು ದಿನ ಇರಲು ಬರುತ್ತಿದ್ದಾಳೆ. ಕಳೆದ ಸಲ ಹುಡುಗ ಶೋಕೇಸಿನ ಗಾಜಿನ ಬೊಂಬೆಯನ್ನು ಒಡೆದು ಎಲ್ಲರಿಗೂ ಮುಜುಗರವಾಯಿತು. ಹೆಚ್ಚು ಖರ್ಚಿಲ್ಲದೆ ಮನೆಯನ್ನು ಹೇಗೆ ಅಣಿಗೊಳಿಸಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಬೊಂಬೆಗಳನ್ನು ಅಟ್ಟಕ್ಕೇರಿಸಿಬಿಡಿ, ಅವು ಒಡೆಯುವುದು ಅಪಾಯಗಳಲ್ಲಿ ತೀರ ಚಿಕ್ಕದು. ವರ್ಷಗಟ್ಟಲೆ ಅದೇ ಜಾಗದಲ್ಲಿದ್ದು ನಿಮ್ಮ ಕಣ್ಣಿಗೆ ಬೀಳುವುದನ್ನೇ ಬಿಟ್ಟಿರುವ ವಸ್ತುಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ಒಂದು ಸಂಜೆ ನೀವಿಬ್ಬರೂ ನೆಲದ ಮೇಲೆ ಕುಳಿತು, ಮಂಡಿನೋವು ಬಿಟ್ಟರೆ ಒಂದಿಷ್ಟು ಅಂಬೆಗಾಲಿಟ್ಟು, ಮನೆಯನ್ನೆಲ್ಲ ನೋಡಿ ಬನ್ನಿ.

ಮೊದಲು ದೇವರ ಮನೆ. ನಮ್ಮ ಕಡೆ ಅದಕ್ಕೆ ಬಾಗಿಲು ಹಾಕುವ ರೂಢಿ ಕಡಿಮೆ, ದೀಪ ಉರಿಯುತ್ತಿದ್ದರಂತೂ ಇಲ್ಲವೇ ಇಲ್ಲ. ಆರತಿ ತಟ್ಟೆಯ ಪಕ್ಕದಲ್ಲಿರುವ ಕರ್ಪೂರದ ಬಿಲ್ಲೆ ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯೇ. ನಿನ್ನೆ ನೀವೇ ಪ್ರಸಾದವೆಂದು ಕಲ್ಲುಸಕ್ಕರೆಯನ್ನು ಅಂಗೈಗೆ ಹಾಕಿರುವಾಗ ಇಂದು ಅದು ಬೇರೆಯೆಂದು ಮಗುವಿಗೆ ತಿಳಿಯುವುದಾದರೂ ಹೇಗೆ? ಅಲ್ಪ ಪ್ರಮಾಣದ ಕರ್ಪೂರ ಹೊಟ್ಟೆಗೆ ಹೋದರೂ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿರುವ ನುಸಿಗುಳಿಗೆಯೂ ಹೀಗೆಯೇ: ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಊಟದ ಮೇಜಿನ ಮೇಲಿನ ಮಾತ್ರೆಗಳ ಡಬ್ಬಿ ಬೀಗವಿರುವ ಕಪಾಟಿಗೆ ಹೋಗಲಿ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಬೆನ್‌ಕ್ಲಮೈಡ್‌ನಂಥ ಒಂದೇ ಮಾತ್ರೆ ನುಂಗಿದರೂ ಎಳೆಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮನೆಗೆ ಬರುವ ಇತರ ಹಿರಿಯರ ಕೈಚೀಲಗಳನ್ನೂ ನೆಲದ ಮೇಲೆ ಇರಗೊಡಬೇಡಿ. ರಿಮೋಟ್, ಅಡುಗೆಮನೆಯ ತಕ್ಕಡಿ ಇತ್ಯಾದಿಗಳಲ್ಲಿರುವ ನಾಣ್ಯದಂಥ ಬಟನ್ ಬ್ಯಾಟರಿ ಗಂಟಲಿನ ಕೆಳಗೆ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ಅವುಗಳ ಮುಚ್ಚಳಕ್ಕೆ ಗಟ್ಟಿಯಾಗಿ ಟೇಪು ಸುತ್ತಿ. ಫಿನೈಲು, ಆಸಿಡ್ಡುಗಳನ್ನು ನೀರಿನ ಹಳೆಯ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಕೂಸು ಮುಳುಗಲು ಕೆಲವೇ ಸೆಂಟಿಮೀಟರ್ ನೀರು ಸಾಕು, ಮುಳುಗುವಾಗ ಸದ್ದೂ ಆಗುವುದಿಲ್ಲ. ಆದ್ದರಿಂದ ನೀರು ಬರುವ ದಿನವೆಂದು ಬಚ್ಚಲಲ್ಲಿ ಬಕೆಟುಗಳನ್ನು ತುಂಬಿಡುವುದು ಆ ಹತ್ತು ದಿನ ಬೇಡ. ಅಂಗಳದ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ, ಕೀಲಿಯನ್ನು ಎತ್ತರದಲ್ಲಿಡಿ.

ಇಡೀ ಮನೆಯನ್ನು ಬದಲಾಯಿಸಲು ಹೊರಟರೆ ಒಂದೂ ಸರಿಯಾಗುವುದಿಲ್ಲ. ಒಂದು ಕೋಣೆಯನ್ನು ಪೂರ್ತಿ ಖಾಲಿಮಾಡಿ, ಚಾಪೆ ಹಾಸಿ, ಸ್ಟೀಲಿನ ಬಟ್ಟಲು, ಸೌಟುಗಳನ್ನು ಕೊಟ್ಟುಬಿಡಿ. ಕೊಂಡ ಆಟಿಕೆಗಳಿಗಿಂತ ಅವೇ ಹೆಚ್ಚು ಹೊತ್ತು ಓಡುತ್ತವೆ. ಉಳಿದ ಕೋಣೆಗಳ ಬಾಗಿಲು ಮುಚ್ಚಿರಲಿ. ತಿಂಡಿಯ ವಿಷಯದಲ್ಲಿ, ಹುಡುಗನಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬೇಡಿ. ಕೂಸಿಗೆ 1 ವರ್ಷ ತುಂಬುವ ತನಕ ಜೇನು ನೆಕ್ಕಿಸುವುದೂ ಬೇಡ.

ಮಗು ಏನಾದರೂ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಆ ಡಬ್ಬಿಯನ್ನು ಕೈಯಲ್ಲೇ ಹಿಡಿದು ಆಸ್ಪತ್ರೆಗೆ ಹೊರಡಿ. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ 1800 116 117, ತುರ್ತು ಸೇವೆಯ 112, ಇವೆರಡನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.

ಕೊನೆಗೊಂದು ಮಾತು. ಹುಡುಗನಿಗೆ ಚಿಲಕ ಹಾಕಲು ಬರುತ್ತದೆಯೇ ಎಂದು ಈಗಲೇ ಫೋನ್ ಮಾಡಿ ಕೇಳಿಕೊಳ್ಳಿ. ಹಾಕಲು ಬಂದು ತೆಗೆಯಲು ಬಾರದ ವಯಸ್ಸು ಅದು. ಒಳಗೆ ಸಿಕ್ಕಿಹಾಕಿಕೊಳ್ಳದಂತೆ ಬಚ್ಚಲಿನ ಒಳಚಿಲಕವನ್ನು ಬಡಗಿಯಿಂದ ಬಾಗಿಲ ಮೇಲ್ತುದಿಗೆ ಹಾಕಿಸಿಬಿಡಿ.